ಮುತ್ತವ್ವನನ್ನು ಮನೆ ತುಂಬಿಸಿಕೊಳ್ಳಲು ಹೊರಟು

ಕಳೆದ ತಿಂಗಳು ಒಂದು ಭಾನುವಾರ ನಮ್ಮ ಮನೆ ನೋಡಲು ಒಬ್ಬ ಹೆಂಗಸು ಬಂದಿದ್ದರು. ಮನೆ ಮಾರಾಟಕ್ಕಿಲ್ಲ. ಮಗಳಿಗೆ ಗಂಡನ್ನೂ ಹುಡುಕುತ್ತಿಲ್ಲ (ಆ ಮಾತೆತ್ತಿದರೆ ಅವಳು ಫೋನ್ ಇಟ್ಟುಬಿಡುತ್ತಾಳೆ). ಅವರು ಬಂದಿದ್ದು, ಈ ಮನೆಗೆ ನಾಯಿ ಕೊಡಬಹುದೋ ಬೇಡವೋ ಎಂದು ನೋಡಿಕೊಂಡು ಹೋಗಲು!

ನಗಬೇಡಿ. ಇಲ್ಲಿ ಲಂಡನ್ನಿನಲ್ಲಿ ಹಾಗೇ. ಅನಾಥ ನಾಯಿಗಳ ಆಶ್ರಯದಿಂದ ಒಂದು ನಾಯಿ ತರಬೇಕೆಂದರೆ ಮೊದಲು ‘ಹೋಮ್ ಚೆಕ್’ ಆಗಬೇಕು. ಹಿತ್ತಲಿನ ಬೇಲಿ ಎಷ್ಟು ಎತ್ತರ? ಗೇಟಿನ ಚಿಲಕ ಗಟ್ಟಿಯಿದೆಯೇ? ಮನೆಯಲ್ಲಿ ಯಾರ್ಯಾರಿದ್ದಾರೆ? ಹೆಣ್ಣು ಕೊಡುವಾಗಲೂ ನಾವು ಇಷ್ಟು ವಿಚಾರಿಸುತ್ತೇವೋ ಇಲ್ಲವೋ.

ಹ್ಯಾರೋ ಬಡಾವಣೆಯಲ್ಲಿ ನಮ್ಮದು ಮೂರು ಬೆಡ್‌ರೂಮಿನ ಮನೆ. ಇರುವವರು ಇಬ್ಬರು. ಮಗಳು ಅನು ಕೆಲಸ ಸಿಕ್ಕಿ ಮ್ಯಾಂಚೆಸ್ಟರಿಗೆ ಹೋಗಿ ಎರಡು ವರ್ಷವಾಯಿತು. ನಮ್ಮವರು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮಹಡಿಯ ಮೇಲೆ ಆಫೀಸ್ ಕೆಲಸ ಮಾಡುತ್ತಾರೆ. ನಾನು ವಾರದಲ್ಲಿ ಮೂರು ಬೆಳಗ್ಗೆ ಜಿಪಿ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂರುತ್ತೇನೆ. ಉಳಿದ ಹೊತ್ತು ಮನೆಯಲ್ಲಿ ಮಾತಾಡುವುದು ಫ್ರಿಜ್ ಒಂದೇ. ಅದೂ ಆಗಾಗ ಸುಮ್ಮನಾಗುತ್ತದೆ.

ನಾಯಿ ತರೋಣ ಅಂದವಳು ನಾನು. ಯಾವ ನಾಯಿ ಅನ್ನುವಲ್ಲಿ ಜಗಳ ಶುರುವಾಯಿತು.

“ನಾಯಿ ಅಂದ್ರ ಅಲ್ಸೇಷಿಯನ್. ಉಳಿದಾವೆಲ್ಲಾ ಬೆಕ್ಕಿನ ಬೀಗರು,” ಅಂದರು ನಮ್ಮವರು. ಧಾರವಾಡದಲ್ಲಿ ಅವರ ಓಣಿಯ ಡಾಕ್ಟರ ಮನೆಯಲ್ಲಿ ಅಂಥದೊಂದಿತ್ತಂತೆ. ಅದಕ್ಕೆ ಹೆದರಿ ಇವರು ಶಾಲೆಗೆ ಸುತ್ತು ಹಾಕಿಕೊಂಡು ಹೋಗುತ್ತಿದ್ದರಂತೆ. (ಹೆದರಿಸಿದವರ ಮೇಲೆ ಇಷ್ಟೊಂದು ಪ್ರೀತಿ ಹೇಗೆ ಹುಟ್ಟುತ್ತದೋ!) ಅನು ಫೋನಿನಲ್ಲೇ ಕಾಕಪೂ ಎಂಬ ಪುಟ್ಟ ತಳಿಗೆ ವೋಟು ಹಾಕಿದಳು. “ದೇ ಆರ್ ಸೋ ಕ್ಯೂಟ್, ಅಮ್ಮ. ಕೂದಲೂ ಉದುರಲ್ಲ.” ನಿಜ, ಈಗ ಲಂಡನ್ನಿನ ಯಾವ ಪಾರ್ಕಿಗೆ ಹೋದರೂ ಆ ಗುಂಗುರು ಕೂದಲಿನ ಗೊಂಬೆಗಳೇ. ಲ್ಯಾಬ್ರಡಾರ್ ಆದೀತು ಅಂದುಕೊಂಡೆ. ಅದು ಬಂಗಾರದಂಥ ನಾಯಿ, ಆದರೆ ಕಳ್ಳ ಬಂದರೂ ಬಾಲ ಅಲ್ಲಾಡಿಸಿ ಒಳಗೆ ಕರೆಯುತ್ತದೆ.

ಒಳಗೊಳಗೆ ನನಗೆ ಬೇಕಿದ್ದದ್ದು ಮುಧೋಳದ ನಾಯಿ. ನಾನು ಜಮಖಂಡಿಯವಳು. ನಮ್ಮ ಕಡೆ ಅದಕ್ಕೆ ಕರವಾನಿ ಅನ್ನುತ್ತಾರೆ. ಸೋದರಮಾವನ ಮನೆಯಲ್ಲಿ ಹೀರಾ ಅಂತ ಒಂದಿತ್ತು. ಉದ್ದ ಕಾಲು, ಒಳಗೆ ಸೇರಿದ ಹೊಟ್ಟೆ, ಮೂತಿಯ ತುಂಬ ಗತ್ತು. ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: “ನಾಯಿಗೆ ಹೊಟ್ಟಿತುಂಬ ಹಾಕಂಗಿಲ್ಲೇನ್ರಿ?” ತಲೆ ಸವರಲು ಹೋದರೆ ಹೀರಾ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಆದರೆ ರಜೆಗೆ ಹೋದಾಗ ನನಗೊಮ್ಮೆ ಜ್ವರ ಬಂದು ಮಲಗಿದ್ದಾಗ, ಅವಳು ಮಂಚದ ಕೆಳಗಿಂದ ಕದಲಲಿಲ್ಲ. ಕೈ ಇಳಿಬಿಟ್ಟರೆ ಬೆನ್ನು ಸಿಗುತ್ತಿತ್ತು. ಆ ಬೆನ್ನು ಕೈಗೆ ಈಗಲೂ ಬೇಕೆನ್ನಿಸುತ್ತದೆ.

ಹ್ಯಾರೋದಲ್ಲಿ ಮುಧೋಳವನ್ನು ಎಲ್ಲಿಂದ ತರುವುದು? ಹೀಗಿರುವಾಗ ಒಂದು ಸಂಜೆ ಪಾರ್ಕಿನಲ್ಲಿ ಹೀರಾ ನಡೆದು ಹೋದಳು! ನಾನು ಅವಳ ಹಿಂದೆ ಅರ್ಧ ಪಾರ್ಕು ಸುತ್ತಿದೆ. ಹಗ್ಗ ಹಿಡಿದಿದ್ದ ಅಜ್ಜ ನಿಂತು, ಇದು ಗ್ರೇಹೌಂಡ್, ರೇಸಿನಿಂದ ರಿಟೈರ್ ಆದದ್ದು, ಇಂಥವು ಆಶ್ರಯಗಳಲ್ಲಿ ಮನೆಗಾಗಿ ಕಾಯುತ್ತಿರುತ್ತವೆ ಎಂದರು. ಆಮೇಲೆ ತಾವಾಗಿಯೇ ಸೇರಿಸಿದರು: “ಇವನಿಗೆ ಊಟ ಹಾಕ್ತೀನಿ. ಎಲ್ಲರೂ ಕೇಳ್ತಾರೆ.”

ಮರುವಾರವೇ ಅಂಥದೊಂದು ಆಶ್ರಯಕ್ಕೆ ಹೋದೆವು. ಗೋಧಿ ಬಣ್ಣದ ಹೆಣ್ಣು ನಾಯಿ. ಹೆಸರು ಪರ್ಲ್. ನಾಲ್ಕೇ ವರ್ಷಕ್ಕೆ ಅವಳ ರೇಸಿನ ನೌಕರಿ ಮುಗಿದಿತ್ತು. ಕೆಲವು ಶನಿವಾರ ಅವಳನ್ನು ವಾಕಿಂಗ್ ಕರೆದುಕೊಂಡು ಹೋಗಲು ಬಿಟ್ಟರು. ಗ್ರೇಹೌಂಡ್ ಜೊತೆ ಬದುಕುವ ಸುಖ ಏನೆಂದು ಅಲ್ಲಿ ಗೊತ್ತಾಯಿತು. ಅದು ಬೊಗಳುವುದಿಲ್ಲ, ಮೈಮೇಲೆ ಹಾರುವುದಿಲ್ಲ, ಮುಖ ನೆಕ್ಕುವುದಿಲ್ಲ. ಓಟಕ್ಕೆ ಹೆಸರಾದ ಜಾತಿ, ಆದರೆ ಸೋಫಾ ಸಿಕ್ಕರೆ ದಿನವಿಡೀ ಮಲಗುತ್ತದಂತೆ. ಪ್ರೀತಿ ಬಂದರೆ ಸುಮ್ಮನೆ ಪಕ್ಕಕ್ಕೆ ಬಂದು, ಮೈಭಾರವೆಲ್ಲ ನಿಮ್ಮ ಕಾಲಿನ ಮೇಲೆ ಬಿಟ್ಟು ಒರಗಿ ನಿಲ್ಲುತ್ತದೆ. ಅಷ್ಟೇ.

ಮೊದಲ ಸಲ ಅವಳು ಒರಗಿದಾಗ ನಾನು ಕದಲಲಿಲ್ಲ. ಕದಲಿದರೆ ಹೋಗಿಬಿಡುತ್ತಾಳೇನೋ ಎಂಬ ಭಯ. ಯಾರಾದರೂ ನನಗೆ ಹಾಗೆ ಒರಗಿ ಎಷ್ಟು ಕಾಲವಾಗಿತ್ತು! ಅನು ಐದು ವರ್ಷದವಳಿದ್ದಾಗ ಟ್ಯೂಬ್ ರೈಲಿನಲ್ಲಿ ನಿದ್ದೆಗಣ್ಣಿನಲ್ಲಿ ಒರಗುತ್ತಿದ್ದಳು. ನನ್ನ ಕಣ್ಣು ತುಂಬಿಕೊಂಡಿತು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ನಮ್ಮವರ ಅಲ್ಸೇಷಿಯನ್ ಅಂದೇ ಓಡಿಹೋಯಿತು. “ಪರ್ಲ್ ಏನ ಪರ್ಲ್. ಈಕಿ ನಮ್ಮ ಮುತ್ತವ್ವ,” ಅಂದರು. ಮನೆಗೆ ಬಂದವರೇ ಹಾಸಿಗೆ ಆರ್ಡರ್ ಮಾಡಿದರು. ಈ ನಾಯಿಗಳಿಗೆ ಚಳಿ ಜಾಸ್ತಿಯೆಂದು ಕೋಟು ಕೂಡ.

ಉಳಿದದ್ದು ಹೋಮ್ ಚೆಕ್ ಒಂದೇ. ಹಿಂದಿನ ದಿನ ನಮ್ಮವರು ಹಾಲಿನ ನಡುವೆ ನಿಂತು ಸುತ್ತ ನೋಡಿದರು. “ಮನಿ ಖಾಲಿ ಖಾಲಿ ಕಾಣ್ತದಲಾ. ನಾವಿಬ್ಬರ ಗುಮ್ಮನ್ಹಂಗ ಕುಂತಿದ್ದು ನೋಡಿದ್ರ ಚೆಕ್‌ಗೆ ಬರಾಕಿ ಏನು ತಿಳ್ಕೋತಾಳ?”

ನನಗೂ ಅದೇ ಅಳುಕು. ಜಮಖಂಡಿಯಲ್ಲಿ ನನ್ನನ್ನು ನೋಡಲು ಇವರ ಕಡೆಯವರು ಬಂದಾಗ ಅವ್ವ ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದು ಕೂರಿಸಿದ್ದಳು. ಜನ ತುಂಬಿದ ಮನೆಯೆಂದರೆ ಒಳ್ಳೆಯ ಮನೆ. ಅದರಲ್ಲಿ ಅನುಮಾನ ಯಾರಿಗಿದೆ? ನಾನು ಫೋನ್ ಕೈಗೆತ್ತಿಕೊಂಡೆ.

ಪಕ್ಕದ ರಸ್ತೆಯ ವಿದ್ಯಾ ಬಂದಳು. ಬೆಂಗಳೂರಿನ ಹುಡುಗಿ, ಐಟಿ. ಜೊತೆಗೆ ಗಂಡ, ಇಬ್ಬರು ಮಕ್ಕಳು. ಕುಲಕರ್ಣಿ ಕಾಕಾ ಬಂದರು. ವಿಜಯಪುರದವರು, ಹ್ಯಾರೋದ ಕನ್ನಡಿಗರಿಗೆಲ್ಲ ಹಿರಿಯರು. ಅವರು ತಮ್ಮ ಕಡೆಯಿಂದ ಇನ್ನೂ ಎರಡು ಸಂಸಾರಕ್ಕೆ ಹೇಳಿದ್ದರು. ಬಾಗಿಲಲ್ಲಿ ಚಪ್ಪಲಿ, ಶೂಗಳ ರಾಶಿ. ನಾನು ಉಪ್ಪಿಟ್ಟು, ಶಿರಾ, ಮಿರ್ಚಿ ಭಜಿ ಮಾಡಿದ್ದೆ. ಮನೆ ಅಷ್ಟು ಚೆಂದ ಕಂಡು ಬಹಳ ದಿನಗಳಾಗಿದ್ದವು.

ಹೋಮ್ ಚೆಕ್‌ನ ಜೂಡಿ ಒಳಗೆ ಬಂದು ಒಂದು ಕ್ಷಣ ನಿಂತರು. ಆಮೇಲೆ “ಲವ್ಲೀ,” ಅಂದರು. (ಇಲ್ಲಿಯವರ ‘ಲವ್ಲೀ’ಗೆ ಅರ್ಥ ಹುಡುಕಲು ಹೋಗಬೇಡಿ.)

ಕಾಕಾ ಎದ್ದು ನಿಂತು ಎದೆಯುಬ್ಬಿಸಿ, “ಮೇಡಂ, ಇನ್ ದಿಸ್ ಹೌಸ್, ಡೋರ್ ಈಸ್ ಆಲ್ವೇಸ್ ಓಪನ್!” ಅಂದರು. ಬಾಗಿಲು ತೆರೆದರೆ ಬಾಣದಂತೆ ಹಾರುವ ನಾಯಿಯ ಮನೆ ಪರೀಕ್ಷೆಯಲ್ಲಿ ಈ ಮಾತು! ಜೂಡಿ ತಿರುಗಿ ಬಾಗಿಲು ನೋಡಿದರು. ಅದು ನಿಜಕ್ಕೂ ತೆರೆದೇ ಇತ್ತು.

ಮಕ್ಕಳು ಚೆಂಡು ಹಿಡಿದು ಕಿರುಚುತ್ತ ಮೆಟ್ಟಿಲು ಹತ್ತಿ ಇಳಿಯುತ್ತಿದ್ದವು. ಇವರು ಆಗಾಗ ಬರುತ್ತಾರಾ ಎಂದು ಜೂಡಿ ಕೇಳಿದರು. “ಎವ್ರಿ ಡೇ!” ಅಂದಳು ವಿದ್ಯಾ. ಆಮೇಲೆ ಅಡುಗೆಮನೆಗೆ ಬಂದು ಮೆಲ್ಲಗೆ, “ಸರಿಯಾಗಿ ಹೇಳಿದ್ನಾ ಅಕ್ಕ?” ಎಂದು ಕೇಳಿದಳು. ನಾನು ಖುಷಿಯಿಂದ ಅವಳ ಬೆನ್ನು ತಟ್ಟಿದೆ. (ಅವಳ ಮಕ್ಕಳು ನಮ್ಮ ಮನೆಗೆ ಬರುವುದು ದೀಪಾವಳಿಗೆ.)

ಕಾರ್ಪೆಟ್ ಮೇಲೆ ಬಿದ್ದಿದ್ದ ಶಿರಾದ ಒಣದ್ರಾಕ್ಷಿಯನ್ನು ಜೂಡಿ ಹೆಕ್ಕಿ ಟಿಶ್ಯೂವಿನಲ್ಲಿ ಸುತ್ತಿಕೊಂಡರು. ದ್ರಾಕ್ಷಿ ನಾಯಿಗೆ ವಿಷವಂತೆ. ನನಗೆ ಗೊತ್ತಿರಲಿಲ್ಲ. ಹಿತ್ತಲಿನ ಬೇಲಿ ಲವ್ಲೀ ಆಗಿತ್ತು. ಹಾಸಿಗೆಯೂ ಲವ್ಲೀ. ಹೊರಡುವಾಗ ಅವರ ಕೈಗೆ ಶಿರಾದ ಡಬ್ಬಿ ಕೊಟ್ಟೆ. ಅವರು ಹೋದ ಮೇಲೆ ಕಾಕಾ, “ಆತು ತಗೋರಿ, ಸಂಬಂಧ ಕೂಡಿಬಂತು!” ಎಂದು ಇನ್ನೊಂದು ಭಜಿ ಎತ್ತಿಕೊಂಡರು.

ಮಂಗಳವಾರ ಫೋನ್ ಬಂತು. ಸ್ಪೀಕರಿಗೆ ಹಾಕಿ ಇಬ್ಬರೂ ಕೂತೆವು. ಜೂಡಿಯ ದನಿ ಮೃದುವಾಗಿತ್ತು. ಮನೆ ಚೆನ್ನಾಗಿದೆ, ಜನ ಇನ್ನೂ ಚೆನ್ನಾಗಿದ್ದಾರೆ, ಅಷ್ಟು ತುಂಬಿದ ಮನೆ ನೋಡಿ ಸಂತೋಷವಾಯಿತು. ಆದರೆ ಪರ್ಲ್ ಸದ್ದಿಗೆ ಬೆಚ್ಚುವ ನಾಯಿ. ಅವಳಿಗೆ ಗಲಾಟೆಯಿಲ್ಲದ ಮನೆ ಬೇಕು. ಒಬ್ಬರೋ ಇಬ್ಬರೋ ಇರುವಂಥದ್ದು.

ನಮ್ಮವರು ನನ್ನ ಮೊಣಕೈ ಹಿಡಿದು ಪಿಸುಗುಟ್ಟಿದರು: “ಖರೇ ಹೇಳು. ಖರೇ ಹೇಳಿಬಿಡು.”

ಹೇಳಬೇಕಿದ್ದದ್ದು ಒಂದೇ ಮಾತು. ಜೂಡಿ, ಅವರ್ಯಾರೂ ಈ ಮನೆಯವರಲ್ಲ, ದಿನಾ ಇಲ್ಲಿ ಯಾರೂ ಬರುವುದಿಲ್ಲ. ನನ್ನ ಬಾಯಿಂದ ಬಂದದ್ದು, “ಥ್ಯಾಂಕ್ಯೂ, ಜೂಡಿ. ವಿ ಅಂಡರ್‌ಸ್ಟ್ಯಾಂಡ್.”

ಎರಡು ದಿನ ಒಳಗೇ ಕುದ್ದೆ. ಮೂರನೆಯ ದಿನ ಧೈರ್ಯ ಮಾಡಿ ನಾನೇ ಫೋನ್ ಮಾಡಿದೆ. ತಡವಾಗಿತ್ತು. ಮುತ್ತವ್ವ ಲಂಡನ್ನಿನ ಇನ್ನೊಂದು ತುದಿಯ ಸಟನ್ನಿಗೆ ಹೋಗಿದ್ದಳು. ಯಾರೋ ವಯಸ್ಸಾದ ದಂಪತಿ, ಮಕ್ಕಳು ದೂರ ಇದ್ದಾರಂತೆ. “ಇಬ್ಬರೇ ಇರೋದು. ತುಂಬಾ ಕ್ವಯಟ್ ಜನ,” ಎಂದರು ಜೂಡಿ. ಪಾಪ, ನನ್ನನ್ನು ಸಮಾಧಾನ ಮಾಡಲು.

ಅನು ಎಲ್ಲ ಕೇಳಿ, “ವೈ ಡಿಡ್ ಯೂ ಇನ್ವೈಟ್ ಹಾಫ್ ಆಫ್ ಹ್ಯಾರೋ, ಅಮ್ಮ?” ಅಂದಳು. ನಾನು ಮಾತು ಬದಲಿಸಿ, ಊಟಕ್ಕೆ ಏನು ಮಾಡಿಕೊಂಡೆ ಎಂದು ಕೇಳಿದೆ. ಹಾಸಿಗೆ ಇನ್ನೂ ಹಾಲಿನ ಮೂಲೆಯಲ್ಲಿದೆ. ವಾಪಸ್ ಕಳಿಸುವ ಮಾತನ್ನು ಇಬ್ಬರೂ ಎತ್ತಿಲ್ಲ. ನಿನ್ನೆ ಸಂಜೆ ನಮ್ಮವರು ಅದರ ಪಕ್ಕ ಕುರ್ಚಿ ಎಳೆದುಕೊಂಡು ಟೀ ಕುಡಿಯುತ್ತಿದ್ದರು.

ಮನೆ ಖಾಲಿ ಅನ್ನಿಸಿದ್ದಕ್ಕೇ ಅಲ್ಲವೇ ನಮಗೆ ನಾಯಿ ಬೇಕಾಗಿದ್ದು? ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಜೂಡಿಗೆ ತೋರಿಸಿದೆವು.

‘ನಾವಿಬ್ಬರೇ ಇದ್ದೇವೆ’ ಅಂತ ಹೇಳಿಕೊಳ್ಳಲು ನಮಗೆ ಯಾಕಿಷ್ಟು ನಾಚಿಕೆ?