ಹಿಂದಕ್ಕೆ ಮಗುಚಿದ ಎರಡು ಹಾಳೆ

ಆ ಮಧ್ಯಾಹ್ನ ನಿಜವಾಗಿ ಏನು ನಡೆಯಿತೆಂದು ನನಗೆ ಇಂದಿಗೂ ಖಚಿತವಿಲ್ಲ. ಇಂಥದ್ದನ್ನು ಹೇಳುವವರನ್ನು ಕಂಡರೆ ನಗುತ್ತಿದ್ದವನು ನಾನು. ತೊಂಬತ್ತರ ದಶಕದ ಕೊನೆಯಲ್ಲಿ ಮ್ಯಾಂಚೆಸ್ಟರಿನಲ್ಲಿ ಎಂಜಿನಿಯರಿಂಗ್ ಸಂಶೋಧನೆ ಮಾಡುತ್ತಿದ್ದೆ. ಅಳೆದು ನೋಡದ ಯಾವುದನ್ನೂ ನಂಬುತ್ತಿರಲಿಲ್ಲ.

ಆ ಊರಿನ ಫಾಲೋಫೀಲ್ಡ್ ಬಡಾವಣೆಯಲ್ಲಿ ನನ್ನ ಪಕ್ಕದ ಮನೆಯ ಗೋಪಾಲ ಮೈಸೂರಿನವನು. ಹದಿನೈದು ವರ್ಷ ಕರ್ನಾಟಕ ಸಂಗೀತ ಕಲಿತು, ಅಲ್ಲಿ ಪಾಶ್ಚಾತ್ಯ ಗಾಯನ ಕಲಿಯಲು ಬಂದಿದ್ದ. ಪರೀಕ್ಷೆಗೆ ಅವನು ಹಾಡಬೇಕಿದ್ದುದು ಹತ್ತೊಂಬತ್ತನೆಯ ಶತಮಾನದ ಒಂದು ಜರ್ಮನ್ ಹಾಡು. ವಸ್ತು ಗ್ರೀಕರ ಪುರಾಣದ್ದು: ಗಾಯಕನೊಬ್ಬ ಸತ್ತ ಹೆಂಡತಿಯನ್ನು ಹಾಡಿನ ಬಲದಿಂದ ಪಾತಾಳದಿಂದ ಬಿಡಿಸಿ ತರುತ್ತಾನೆ. ದಾರಿಯಲ್ಲಿ ತಿರುಗಿ ನೋಡಬಾರದೆಂಬ ಷರತ್ತು. ನೋಡಿಬಿಡುತ್ತಾನೆ, ಅವಳು ಹೋಗುತ್ತಾಳೆ. ಹಾಡು ಅಲ್ಲಿಗೇ ನಿಲ್ಲಬೇಕು. ಗೋಪಾಲನಿಗೆ ಅದೇ ಕಷ್ಟ. ನಮ್ಮ ಕೃತಿಗಳು ಕೊನೆಗೆ ಪಲ್ಲವಿಗೆ ಮರಳುತ್ತವಲ್ಲ, ಅಭ್ಯಾಸಬಲದಿಂದ ಅವನ ಬಾಯಿ ತಾನಾಗಿ ಮೊದಲ ಸಾಲಿಗೆ ಹೋಗುತ್ತಿತ್ತು.

ಪರೀಕ್ಷೆಯ ದಿನವೇ ಅವನ ಹೆಂಡತಿ ಸುಧಾಳಿಗೆ ಹೃದಯದ ಆಪರೇಷನ್. ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವನು ಪರೀಕ್ಷೆಗೆ ಹೋಗುವುದಿಲ್ಲವೆಂದ.

“ಇಲ್ಲಿ ಕೂತು ಉಗುರು ಕಚ್ತೀರ ಅಷ್ಟೆ. ಹೋಗಿ ಹಾಡಿ,” ಎಂದಳು ಸುಧಾ. “ಪಲ್ಲವಿಗೆ ಮಾತ್ರ ಓಡಬೇಡಿ ರೀ, ಅವರು ಮಂಗಳಾರತಿ ಮಾಡ್ತಾರೆ.”

ಪಿಯಾನೋ ನುಡಿಸುವಾಕೆಯ ಪಕ್ಕದಲ್ಲಿ ಕೂತು ಹಾಳೆ ಮಗುಚುವ ಕೆಲಸ ನನ್ನದಾಗಿತ್ತು. ಆ ಸ್ವರಲಿಪಿ ನನಗೆ ಓದಲು ಬಾರದು. ಆಕೆ ತಲೆಯಾಡಿಸಿದಾಗ ಮಗುಚಬೇಕು. ಎರಡು ಸಲ ಮಗುಚಿದೆ. ಹಾಡು ಮುಗಿಯಿತು. ಆಮೇಲೆ, ನನ್ನ ನೆನಪಿನ ಪ್ರಕಾರ, ಆಕೆ ಮತ್ತೆ ತಲೆಯಾಡಿಸಿದರು. ಒಂದು ಹಾಳೆಯನ್ನು ಹಿಂದಕ್ಕೆ ಮಗುಚಿದೆ. ಗೋಪಾಲನ ದನಿ ಮೊದಲ ಸಾಲನ್ನು ಎತ್ತಿಕೊಂಡಿತು, ತೀರ ಮೆಲ್ಲಗೆ. ಸಾಲು ಮುಗಿದಾಗ ಇನ್ನೊಂದು ಹಾಳೆಯನ್ನೂ ಹಿಂದಕ್ಕೆ ಮಗುಚಿದೆ.

ಸುಧಾ ಆಪರೇಷನ್ ಥಿಯೇಟರಿನಿಂದ ಬದುಕಿ ಬರಲಿಲ್ಲ.

ಹದಿಮೂರನೆಯ ದಿನ ಕಳೆದ ಮೇಲೆ ಗೋಪಾಲ ಕೇಳಿದ: “ನಿಜ ಹೇಳೋ. ನಾನು ಪಲ್ಲವಿಗೆ ತಿರುಗಿದ್ನಾ? ನಂಗೆ ತಿರುಗಿದ ಹಾಗೇ ನೆನಪು.”

ಹೌದೆಂದರೆ, ಆ ಪುರಾಣದ ಗಾಯಕನಂತೆ ಹಿಂದಕ್ಕೆ ತಿರುಗಿ ಹೆಂಡತಿಯನ್ನು ತಾನೇ ಕಳೆದುಕೊಂಡೆನೆಂದು ಅವನು ಬದುಕಿಡೀ ಕೊರಗುತ್ತಾನೆ. “ಇಲ್ಲ ಕಣೋ, ನೀನು ಸರಿಯಾಗೇ ನಿಲ್ಲಿಸಿದೆ,” ಎಂದು ಸುಳ್ಳು ಹೇಳಿದೆ.

ಪಿಯಾನೋದಾಕೆಯನ್ನು ಕೇಳಿದಾಗ, ತಾನು ತಲೆಯಾಡಿಸಿಲ್ಲ, ಅವನು ಮತ್ತೆ ಹಾಡಿಲ್ಲ ಎಂದರು. ನಮ್ಮಿಬ್ಬರ ಕಿವಿಗೂ ಪಲ್ಲವಿಯ ಅಭ್ಯಾಸ. ಇಲ್ಲದ್ದನ್ನು ಕಿವಿಯೇ ತುಂಬಿಕೊಂಡಿರಬೇಕೆಂದು ಸಮಾಧಾನ ಹೇಳಿಕೊಂಡೆ. ಆ ಸಮಾಧಾನ ಕೊನೆತನಕ ನಿಲ್ಲಲಿಲ್ಲ.

ವರ್ಷಗಳ ನಂತರ ಆ ಪರೀಕ್ಷೆಯನ್ನು ಧ್ವನಿಮುದ್ರಿಸಿದ್ದ ಕ್ಯಾಸೆಟ್ಟಿನ ಒಂದು ಪ್ರತಿ ಸಿಕ್ಕಿತು. ಅವನು ಮತ್ತೆ ಹಾಡಿಲ್ಲ; ನನ್ನ ಸುಳ್ಳು ನಿಜವೇ ಆಗಿತ್ತು. ಆದರೆ ಕೊನೆಯ ಸ್ವರದ ನಂತರದ ಮೌನದಲ್ಲಿ ಹಾಳೆ ಮಗುಚುವ ಸದ್ದು ಎರಡು ಸಲ ಇದೆ. ಗಡಿಯಾರ ಹಿಡಿದು ಮೂರು ಬಾರಿ ಅಳೆದೆ. ಅವೆರಡರ ನಡುವಿನ ಬಿಡುವು, ಹಾಡಿನ ಆರಂಭದಲ್ಲಿ ಅವನು ಮೊದಲ ಸಾಲಿಗೆ ತೆಗೆದುಕೊಂಡ ಹೊತ್ತಿನಷ್ಟೇ ಇದೆ.