ಮಡಿ ಕೆಟ್ಟ ಅರವತ್ತೊಂದು ನಳಿಕೆಗಳು

ಬೆಳಗಿನ ಆರು ಗಂಟೆ. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಫೆಬ್ರವರಿಯ ಸೂರ್ಯ ಏಳಲು ಇನ್ನೂ ಒಂದೂವರೆ ಗಂಟೆ ಬೇಕು. ಊರಂಚಿನ ಸಂಶೋಧನಾಲಯದ ನೆಲಮಾಳಿಗೆಯಲ್ಲಿ ಮಾತ್ರ ಟೈಮರ್ 'ಟಕ್' ಎಂದು, ನಾಲ್ಕು ಗೋಡೆಗೂ ಒಮ್ಮೆಲೇ ಬೆಳಗಾಗುತ್ತದೆ. ಬೆಳಕಿನ ಕೆಳಗೆ ಸಾಲು ಸಾಲು ಗಾಜಿನ ನಳಿಕೆಗಳು, ಅವುಗಳಲ್ಲಿ ಹಸಿರು, ಕಂದು, ಕಡುನೀಲಿ ಪಾಚಿ. ಡಾ. ಅಡಿವೆಪ್ಪ ಹೂಲಿಕಟ್ಟಿ ತಂತಿಯ ಕುಣಿಕೆಯನ್ನು ಜ್ವಾಲೆಯಲ್ಲಿ ಕೆಂಪಗೆ ಕಾಯಿಸುತ್ತಾರೆ, ಆರಿಸುತ್ತಾರೆ, ಹಳೆಯ ನಳಿಕೆಗೆ ಅದ್ದಿ ಹೊಸದಕ್ಕೆ ಮುಟ್ಟಿಸಿ ಹತ್ತಿಯ ಬಿರಡೆ ಒತ್ತುತ್ತಾರೆ. ಒಂದು ಮುಗಿಯಿತು. ದಿನಕ್ಕೆ ಇಂಥವು ಹನ್ನೆರಡು. ಹಾಗಾದರೆ ಮಾತ್ರ ಆರು ವಾರಕ್ಕೊಮ್ಮೆ ಎಲ್ಲಕ್ಕೂ ಹೊಸ ಊಟ ಸಿಗುತ್ತದೆ.

ಈ ಕೆಲಸವನ್ನು ಅವರು ಹದಿನಾರು ವರ್ಷದಿಂದ ಮಾಡುತ್ತ ಬಂದಿದ್ದಾರೆ. ಈಚೆಗೆ ಮಾತ್ರ ಕುಳಿತಲ್ಲಿ ಕೂರಲಾರರು. ಐದು ನಳಿಕೆ ಮುಗಿಸಿ ಎದ್ದು ಹೋಗಿ ಮೂಲೆಯ ಕಪಾಟು ನೋಡಿ ಬರುತ್ತಾರೆ, ಮತ್ತೆ ಎರಡು ಮುಗಿಸಿ ಮತ್ತೆ ಏಳುತ್ತಾರೆ.

ಕಾರಣವಿದೆ. ಮಾರ್ಚ್ ಮೂವತ್ತೊಂದಕ್ಕೆ ಅವರ ಪ್ರೊಫೆಸರ್ ನಿವೃತ್ತರಾಗುತ್ತಾರೆ, ಅಂದೇ ಈ ಕೋಣೆಗೆ ಬೀಗ. ಇರುವ ಮುನ್ನೂರ ನಲವತ್ತು ಬಗೆಯ ಪಾಚಿಗಳಲ್ಲಿ ಇನ್ನೂರ ಎಪ್ಪತ್ತೊಂಬತ್ತನ್ನು ಬೇರೊಂದು ಊರಿನ ದೊಡ್ಡ ಪಾಚಿಭಂಡಾರ ತೆಗೆದುಕೊಳ್ಳಲು ಒಪ್ಪಿದೆ. ಮೂಲೆಯ ಕಪಾಟಿನ ಅರವತ್ತೊಂದು ಮಾತ್ರ ಬೇಡವಂತೆ. ಒಂದು ನಳಿಕೆಯಲ್ಲಿ ಒಂದೇ ಜೀವ ಇರಬೇಕೆಂಬುದು ಭಂಡಾರದ ನಿಯಮ, ಇವುಗಳಲ್ಲಿ ಪಾಚಿಯ ಜೊತೆ ಬ್ಯಾಕ್ಟೀರಿಯಾ ಕೂಡ ಇದೆ. ಯಾರೂ ಒಲ್ಲದ ನಳಿಕೆಗಳನ್ನು ಕುಕ್ಕರಿನ ದೊಡ್ಡಣ್ಣನಂಥ ಯಂತ್ರದಲ್ಲಿ ಆವಿಗೆ ಹಾಕಿ ಕೊಲ್ಲುವುದು ಪದ್ಧತಿ.

"ನಮ್ಮ ಅಜ್ಜಿ ಮಡಿ ಮಾಡತಿದ್ಲು, ಮುಟ್ಟಬ್ಯಾಡ ಅಂತಿದ್ಲು. ಈ ಮಂದಿದು ಅದಕ್ಕಿಂತ ಹೆಚ್ಚಿನ ಮಡಿ ಐತಿ ನೋಡ್ರಿ," ಎಂದು ಅಡಿವೆಪ್ಪ ನಗುತ್ತಾರೆ.

ಅಡಿವೆಪ್ಪ ನವಲಗುಂದದ ಕಡೆಯವರು. ಮಲಪ್ರಭೆಯ ಕಾಲುವೆ ಬಂದ ಮೇಲೆ ನೀರು ನಿಂತು ಸವಳಾದ ಎರೆಹೊಲಗಳನ್ನು ನೋಡುತ್ತ ಬೆಳೆದರು. ಹುಲ್ಲು ಕೂಡ ಹುಟ್ಟದ ಆ ಉಪ್ಪು ನೆಲದ ಮೇಲೆ ಮಳೆ ಬಿದ್ದೊಡನೆ ತೆಳ್ಳನೆಯ ಹಸಿರು ಪದರ ಕಟ್ಟುತ್ತಿತ್ತು. ಇದೇನು ತಿಂದು ಬದುಕುತ್ತದೆ ಎಂಬ ಪ್ರಶ್ನೆ ಹುಡುಗನ ತಲೆ ಹೊಕ್ಕಿತು. ಆ ಪ್ರಶ್ನೆ ಅವರನ್ನು ಧಾರವಾಡದಲ್ಲಿ ಪಿಎಚ್‌.ಡಿ. ಮಾಡಿಸಿತು, 1987ರಲ್ಲಿ ವಿದ್ಯಾರ್ಥಿವೇತನದ ಮೇಲೆ ಜರ್ಮನಿಗೂ ತಂದಿತು. ಅಂದಿನಿಂದ ಎರಡೆರಡು ವರ್ಷದ ಕರಾರಿನ ನೌಕರಿ. ಸ್ವಂತ ಹೆಸರಿನಲ್ಲಿ ಒಂಬತ್ತು ಪ್ರಬಂಧ. ಬೇರೆಯವರ ನಲವತ್ತೊಂದು ಪ್ರಬಂಧಗಳಲ್ಲಿ ಅವರ ಹೆಸರಿರುವುದು ಕೊನೆಯ ಪುಟದ ಕೃತಜ್ಞತೆಯ ಸಾಲಿನಲ್ಲಿ, ಅದೂ ಮೂರು ಕಡೆ ಕಾಗುಣಿತ ತಪ್ಪಿ.

ಕಂಪ್ಯೂಟರ್ ತಜ್ಞರನ್ನು ಕರೆಸಿಕೊಳ್ಳಲು ಜರ್ಮನಿಯ ಗ್ರೀನ್ ಕಾರ್ಡ್ ಶುರುವಾದ ಮೇಲೆ ಟ್ರಾಮಿನಲ್ಲಿ ಕೂತ ಭಾರತೀಯನೆಂದರೆ ಕಂಪ್ಯೂಟರಿನವನೇ ಎಂದಾಗಿದೆ. ಬೇಕರಿಯವಳೂ ಹಾಗೇ ಕೇಳುತ್ತಾಳೆ, ವೀಸಾ ನೋಡುವ ವಿದೇಶಿಯರ ಕಚೇರಿಯ ಕಿಟಕಿಯ ಹಿಂದಿನ ಗುಮಾಸ್ತನೂ ಕೇಳುತ್ತಾನೆ. ಪಾಚಿ ಎಂದರೆ ಇಬ್ಬರ ಮುಖವೂ ಇಳಿಯುತ್ತದೆ. ಪಕ್ಕದ ಬೀದಿಯ ಸುನಿಲಕುಮಾರ ಆ ಕಾರ್ಡಿನ ಮೇಲೆಯೇ ಹುಬ್ಬಳ್ಳಿಯಿಂದ ಬಂದ ಹುಡುಗ, ಸಾಫ್ಟ್‌ವೇರಿನವನು. ಮೊದಲ ಭೇಟಿಯಲ್ಲೇ ಛೇಡಿಸಿದ್ದನಂತೆ: "ಪಾಚಿ ಮ್ಯಾಲ ರೀಸರ್ಚ್ ಏನ್ರಿ ಕಾಕಾ? ನಮ್ಮನಿ ಟಾಕಿಯೊಳಗ ಬೇಕಾದಷ್ಟು ಐತಿ, ಬಕೆಟ್‌ಗಟ್ಟಲೆ ಕಳಸ್ತೀನಿ!"

ಆದರೆ ಅಡಿವೆಪ್ಪನವರ ಸಂಶೋಧನೆ ನಿಂತಿರುವುದು ಅವರು ಮಾಡಿದ ಒಂದು ತಪ್ಪಿನ ಮೇಲೆ. ಊರಿನ ಸವಳು ಹೊಲದ ಪಾಚಿಯನ್ನು ಅವರು ಒಂದು ಚಿಟಿಕೆ ಮಣ್ಣಿನಲ್ಲಿ ಇಲ್ಲಿಗೆ ತಂದಿದ್ದರು. 1994ರಲ್ಲಿ ಪ್ರಬಂಧಕ್ಕಾಗಿ ಅದನ್ನು ಶುದ್ಧ ಮಾಡಲು ಹೊರಟರು. ಹನ್ನೊಂದು ವಾರ ಔಷಧಿ ಹಾಕಿ, ಒಂದೊಂದೇ ಎಳೆ ಆರಿಸಿ, ಅಂಟಿಕೊಂಡಿದ್ದ ಬ್ಯಾಕ್ಟೀರಿಯಾವನ್ನೆಲ್ಲ ನಿವಾರಿಸಿದರು. ಗೆದ್ದ ಖುಷಿಯಲ್ಲಿ ಹಳೆಯ 'ಹೊಲಸು' ನಳಿಕೆಗಳನ್ನು ತಾವೇ ಆವಿಗೆ ಹಾಕಿದರು. ಶುದ್ಧ ಪಾಚಿ ನಾಲ್ಕು ಸಲ ಹೊಸ ನಳಿಕೆಗೆ ದಾಟಿತು. ಐದನೆಯ ಸಲ ಬೆಳ್ಳಗಾಗಿ ತಳ ಸೇರಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ಕುಂಬಾರನೂ ಅವರೇ, ದೊಣ್ಣೆಯೂ ಅವರ ಕೈಯಲ್ಲೇ.

"ಆ ಬ್ಯಾಕ್ಟೀರಿಯಾ ಏನೋ ಒಂದು ಕೊಡತಿತ್ತು, ಇದು ಉಂಡು ಬದುಕತಿತ್ತು. ಜೋಡಿ ಅದು. ನಾ ಬಿಡಿಸಿ ಕೊಂದೆ," ಎನ್ನುತ್ತಾರೆ. ಮತ್ತೊಮ್ಮೆ ಊರಿಗೆ ಹೋಗಿ ಅದೇ ಹೊಲದ ಮಣ್ಣು ತಂದರು. ಬೇರೆ ಪಾಚಿಗಳು ಬಂದವು, ಅದು ಬರಲಿಲ್ಲ. ಅಂದಿನಿಂದ ಒಂಟಿಯಾಗಿ ಬಾಳದ ಪಾಚಿಗಳನ್ನು ಹುಡುಕುವುದೇ ಅವರ ಕಸುಬಾಯಿತು. ಒಂಬತ್ತು ವರ್ಷದಲ್ಲಿ ಸಿಕ್ಕಿದ್ದು ಅರವತ್ತೊಂದು ಜೋಡಿ. ಯಾವ ಬ್ಯಾಕ್ಟೀರಿಯಾ ಯಾವ ಪಾಚಿಗೆ ಏನು ಉಣಿಸುತ್ತದೆ ಎಂಬುದು ಅರ್ಧಕ್ಕಿಂತ ಹೆಚ್ಚು ಇನ್ನೂ ತಿಳಿಯಬೇಕಿದೆ. ಈಗ ಅವುಗಳಿಗೇ ಆವಿಯ ಯಂತ್ರ ಕಾದಿದೆ.

ಭಂಡಾರಕ್ಕೆ ನಾಲ್ಕು ಪತ್ರ ಬರೆದರು. ನಾಲ್ಕಕ್ಕೂ ವಿನಯದ ನಿರಾಕರಣೆ. ಮನೆಯಲ್ಲಿ ಅತ್ತಿಂದಿತ್ತ ಓಡಾಡತೊಡಗಿದರು. ಒಂದು ಶನಿವಾರ ಸುನಿಲಕುಮಾರ ಬಟ್ಟಲು ಹಿಡಿದು ಬಂದ. ಅಡಿವೆಪ್ಪನವರ ಹೆಂಡತಿ ಅನ್ನಪೂರ್ಣವ್ವನ ಮನೆಯ ಮೊಸರಿನ ಹೆಪ್ಪಿಗೆ ಕನ್ನಡದ ಹುಡುಗರಲ್ಲಿ ಭಾರಿ ಬೇಡಿಕೆ. ಅಂಗಡಿಯ ಮೊಸರು ಅವರಿಗೆ ರುಚಿಸುವುದಿಲ್ಲ. ಬಟ್ಟಲಿಗೆ ಹೆಪ್ಪು ಹಾಕುತ್ತ ಅನ್ನಪೂರ್ಣವ್ವ ಗಂಡನ ಕಡೆ ತಿರುಗಿದರು.

"ರೀ, ಹ್ವಾದ ವರ್ಷ ನಾವು ಊರಿಗೆ ಹೋಗಿ ಬಂದಾಗ ನಮ್ಮ ಮೊಸರು ಕೆಟ್ಟು ನಾರತಿತ್ತು. ಮತ್ತ ಎಲ್ಲಿಂದ ತಂದ್ವಿ? ಇವನ ಮನಿಯಿಂದ. ನಾ ಕೊಟ್ಟದ್ದ ನನಗ ತಿರುಗಿ ಬಂತು. ನಿಮ್ಮ ಟ್ಯೂಬ್ ಒಂದ ಖೋಲಿಯಾಗ ಯಾಕ ಇರಬೇಕ್ರಿ? ಹಂಚ್ರಿ."

ಅಡಿವೆಪ್ಪ ನಡೆದಾಡುವುದನ್ನು ನಿಲ್ಲಿಸಿದರು.

ಪ್ರೊಫೆಸರ್ ಮೊದಲು ನಕ್ಕರು, ಆಮೇಲೆ ನಳಿಕೆಗಳನ್ನು ಮನೆಗಳಿಗೆ ಕೊಡಲು ಒಪ್ಪಿ ಕಾಗದಕ್ಕೆ ಸಹಿ ಹಾಕಿದರು. ಇವು ಯಾರಿಗೂ ಕೇಡು ಮಾಡುವ ಜೀವಿಗಳಲ್ಲ. ಉತ್ತರದ ಕಿಟಕಿಯ ಬೆಳಕು, ಬೇಯಿಸಿ ಮುಚ್ಚಿದ ಸತ್ವದ ನೀರು, ದಾಟಿಸುವಾಗ ಒಂದು ಸ್ಪಿರಿಟ್ ದೀಪ ಇದ್ದರೆ ಸಾಕು. ಮಾರ್ಚ್ ತುಂಬ ಭಾನುವಾರಗಳಂದು ಅನ್ನಪೂರ್ಣವ್ವನ ಅಡುಗೆಮನೆಯಲ್ಲಿ ಪಾಠ ನಡೆಯಿತು. ಕೀಬೋರ್ಡಿನ ಬೆರಳುಗಳು ತಂತಿ ಕಾಯಿಸಲು ಕಲಿತವು. ಮಗಳು ಪವಿ ಯಾವ ನಂಬರು ಯಾರ ಮನೆಯಲ್ಲಿ ಎಂದು ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿದಳು. ಒಂದೊಂದು ನಳಿಕೆ ಎರಡೆರಡು ಮನೆಗೆ. ಡಾರ್ಮ್‌ಸ್ಟಾಟ್, ಫೊಯರ್‌ಬಾಕ್, ರೆನ್ನಿಂಗೆನ್ ಸೇರಿ ಹತ್ತೊಂಬತ್ತು ಮನೆ, ನೂರ ಇಪ್ಪತ್ತೆರಡು ನಳಿಕೆ. ಮೂವತ್ತೊಂದರಂದು ಬೀಗ ಬಿದ್ದಾಗ ಮೂಲೆಯ ಕಪಾಟು ಖಾಲಿಯಿತ್ತು.

ಇಷ್ಟಾದ ಮೇಲೆ ನೆಮ್ಮದಿಯಾಗಿರಬೇಕಲ್ಲ? ಇಲ್ಲ. ಅಡಿವೆಪ್ಪನವರಿಗೆ ಈಗ ಊರಿನ ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲಿ ಅರ್ಧ ದಿನದ ಕೆಲಸ. ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಾ ಎಣಿಸಿ ಬಂದವರು ಉಳಿದ ಅರ್ಧ ದಿನ ಫೋನು ಹಿಡಿಯುತ್ತಾರೆ. ಬೆಳಕು ಬೀಳುತ್ತಿದೆಯೇ? ಅಲುಗಾಡಿಸಿದೆಯಾ? ಭಾನುವಾರ ಬಂದರೆ ರೈಲು ಹತ್ತಿ ಕಿಟಕಿ ನೋಡಲು ಹೋಗುತ್ತಾರೆ. ತಾವು ಕೈ ಹಚ್ಚದೆ ಅವು ಉಳಿಯುತ್ತವೆಂದು ಅವರಿಗೆ ನಂಬಿಕೆಯಿಲ್ಲ. ಹದಿನಾರು ವರ್ಷದ ರೂಢಿ, ಬಿಡು ಎಂದರೆ ಬಿಡುವುದಲ್ಲ. ಪವಿ ಜರ್ಮನ್‌ನಲ್ಲಿ ಗೊಣಗುತ್ತಾಳೆ: ಅಪ್ಪನಿಗೆ ನೂರ ಇಪ್ಪತ್ತೆರಡು ಮಕ್ಕಳು, ನಾನು ನೂರ ಇಪ್ಪತ್ತಮೂರನೆಯವಳು.

ಮೇ ತಿಂಗಳ ಒಂದು ಬೆಳಿಗ್ಗೆ ಸುನಿಲಕುಮಾರ ಅಂಗಿಯ ಜೇಬಿನಲ್ಲಿ ನಳಿಕೆ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಾನೆ.

"ಕಾಕಾ, ಬೈಬ್ಯಾಡ್ರಿ. ನನ್ನ ಮೂವತ್ತೇಳನೇ ನಂಬರ್ ಸತ್ತಿತ್ತು. ರೂಮ್ ಹೀಟರ್ ಮ್ಯಾಲಿನ ಕಿಟಕಿಯಾಗ ಇಟ್ಟಿದ್ದೆ, ಕಾವಿಗೆ ಬೆಂದು ಹೋತು."

ಅಡಿವೆಪ್ಪನವರ ಮುಖ ಬಿಳುಚುತ್ತದೆ. "ಯಾವಾಗ?"

"ಒಂದು ತಿಂಗಳಾತ್ರಿ. ನೀವು ಮನಸ್ಸಿಗೆ ಹಚ್ಕೋತೀರಿ ಅಂತ ಹೇಳ್ಲಿಲ್ಲ. ಲಿಸ್ಟ್ ನೋಡಿದೆ, ಫೊಯರ್‌ಬಾಕ್‌ನಾಗ ದುಂಡಪ್ಪನ ಮನ್ಯಾಗ ಇದೇ ನಂಬರಿನ ಇನ್ನೊಂದು ಟ್ಯೂಬ್ ಇತ್ತು. ಹೋಗಿ ತಂದೆ. ನಾನ ದೀಪ ಹಚ್ಚಿ ಹೊಸ ಟ್ಯೂಬಿಗೆ ದಾಟಿಸ್ದೆ. ನೋಡ್ರಿ."

ನಳಿಕೆ ಹಸಿರಾಗಿದೆ. ಅಷ್ಟಕ್ಕೇ ಒಪ್ಪುವವರಲ್ಲ ಅಡಿವೆಪ್ಪ. ಮನೆಯ ಹಳೆಯ ಸೂಕ್ಷ್ಮದರ್ಶಕದ ಕೆಳಗೆ ಒಂದು ಹನಿ ಇಟ್ಟು ಬಗ್ಗುತ್ತಾರೆ. ಪಾಚಿಯ ಎಳೆಗಳಿವೆ. ಎಳೆಗಳ ಸುತ್ತ ಸಣ್ಣ ಕಡ್ಡಿಗಳಂಥ ಬ್ಯಾಕ್ಟೀರಿಯಾಗಳೂ ಮಿಸುಕುತ್ತಿವೆ. ಬಹಳ ಹೊತ್ತು ನೋಡುತ್ತಾರೆ. ಹುಡುಗ ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದ್ದಾನೆ.

"ಎರಡೂ ಅದಾವು," ಎಂದು ಅವರು ಮೆಲ್ಲಗೆ ತಲೆ ಎತ್ತುತ್ತಾರೆ. ಕಣ್ಣು ತೇವವಾಗಿದೆ, ಒರೆಸಿಕೊಳ್ಳುವುದಿಲ್ಲ. "ನನ್ನ ಕೇಳದನ ಬದುಕಿಸಿಯಲ್ಲೋ ತಮ್ಮಾ. ಅಂದ್ರ ಇದಕ್ಕ ಇನ್ನ ನಾ ಬೇಕಾಗಿಲ್ಲ. ಉಳೀತು ಬಿಡು."