ಸಾಯದ ಪಾದರಸ

ಧಾರಾವಿಯ ಒಂದು ಆಯುರ್ವೇದ ಔಷಧಿ ಕಾರಖಾನೆಯಲ್ಲಿ ನನಗೆ ಅರೆಯುವ ಕೆಲಸ. ಕಾರಖಾನೆ ಅಂದರೆ ತಗಡಿನ ಮಾಡಿನ ಒಂದು ಕೋಣೆ, ಒಂದು ಬಲ್ಬು. ದೋಣಿಯಂಥ ಕಲ್ಬತ್ತಿನಲ್ಲಿ ಪಾದರಸ, ಗಂಧಕ ಹಾಕಿ ಅರೆಯುತ್ತಲೇ ಇರಬೇಕು. ಒಲೆಯಿಲ್ಲ, ಬೆಂಕಿಯಿಲ್ಲ. ಬೆಳ್ಳಿಯಂತೆ ಓಡಾಡುವ ಪಾದರಸ ದಿನಗಟ್ಟಲೆ ತಿಕ್ಕಿಸಿಕೊಂಡು ಕಾಡಿಗೆಯಂಥ ಪುಡಿಯಾಗುತ್ತದೆ. ಅದರ ಹೆಸರು ಕಜ್ಜಲಿ. ಹೊಳಪು ಪೂರ್ತಿ ಅಳಿದಾಗ ನಾವು ‘ಪಾದರಸ ಸತ್ತಿತು’ ಎನ್ನುತ್ತಿದ್ದೆವು. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಆದರೂ ನನ್ನ ಕೈಯಲ್ಲಿ ಸಾಯದ ಪಾದರಸವಿಲ್ಲ ಎಂಬ ಸೊಕ್ಕಿತ್ತು.

ಮಗಳು ಮುನ್ಸಿಪಾಲಿಟಿ ಕನ್ನಡ ಶಾಲೆಯಲ್ಲಿ ಏಳನೆಯದರಲ್ಲಿದ್ದಳು. ಒಂದು ಸಂಜೆ ಮುಖ ಊದಿಸಿಕೊಂಡು ಬಂದಳು.

“ಅರದ್ರ ಬರೇ ಮಿಶ್ರಣ ಆಗತೈತಂತ, ಮಾಸ್ತರು ಹೇಳಿದ್ರು. ಕಾಸಿದ್ರಷ್ಟ ಹೊಸಾ ವಸ್ತು ಆಗೋದಂತ. ನಮ್ಮಪ್ಪ ಬೆಂಕಿ ಇಲ್ಲದ ಮಾಡ್ತಾನ ಅಂದೆ. ‘ಚಟ್ನಿ ಅರಿಯಾಂವನ ಮಗಳು’ ಅಂತ ಎಲ್ಲಾರೂ ನಕ್ಕರು.”

“ನಾಳೆ ನಾನ ಬರ್ತೀನಿ. ಯಾರ‍್ಯಾರ ಹಲ್ಲು ಎಷ್ಟೆಷ್ಟು ಅದಾವ ನೋಡೂಣು.”

“ಬ್ಯಾಡಪಾ, ಮಾಸ್ತರು ನಕ್ಕಿಲ್ಲ.”

ನಾನು ಕೇಳಲಿಲ್ಲ. ಮರುದಿನ ಕಲ್ಬತ್ತಿನಿಂದ ಒಂದು ಚಿಟಿಕೆ ಪೊಟ್ಟಣ ಕಟ್ಟಿಕೊಂಡೆ. “ಇನ್ನಾ ಎರಡ ದಿನ ಅರೀಬೇಕಲೇ ಅದನ್ನ,” ಎಂದ ಮೇಸ್ತ್ರಿ. ಬಲ್ಬಿನ ಕೆಳಗೆ ಹಿಡಿದು, “ಸತ್ತೈತಿ, ನೋಡ,” ಎಂದೆ. ಕಜ್ಜಲಿಯನ್ನು ಬಿಸಿಲಿಗೊಯ್ದು ನೋಡಬೇಕು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಅದನ್ನು ನಾನೇ ಎಷ್ಟೋ ಜನರಿಗೆ ಕಲಿಸಿದ್ದೆ.

ಮಾಸ್ತರು, “ಬರ‍್ರಿ, ತೋರಸ್ರಿ,” ಎಂದು ಮರ್ಯಾದೆಯಿಂದಲೇ ಒಳಗೆ ಕರೆದರು. ಇಡೀ ವರ್ಗಕ್ಕೆ ಕೇಳುವಂತೆ, “ಇದರಾಗಿನ ಪಾದರಸ ಸತ್ತೈತ್ರಿ. ಹುಡುಕ್ರಿ ಬೇಕಾದ್ರ,” ಎಂದೆ. ಅಂಗೈಗೆ ಹಾಕಿ, ಹನಿ ನೀರು ಬಿಟ್ಟು ತಿಕ್ಕಿ, ಕಿಟಕಿಯ ಬಿಸಿಲಿಗೆ ಹಿಡಿದೆ. ಕಪ್ಪಿನ ನಡುವೆ ಸೂಜಿಮೊನೆಯಷ್ಟು ಏನೋ ಮಿಂಚಿತು. ಪಕ್ಕದಲ್ಲಿ ಇನ್ನೊಂದು.

“ಸರ್, ಚಮಕ್ತಾ ಹೈ!” ಮುಂದಿನ ಬೆಂಚಿನ ಹುಡುಗ ಕಿರುಚಿದ.

ಮಾಸ್ತರು ಆಗಲೂ ನಗಲಿಲ್ಲ. “ಪಾದರಸ ಹಂಗ ಉಳದೈತಲ್ರೀ,” ಎಂದರು, ಮೆಲ್ಲಗೆ. ಇನ್ನೆರಡು ದಿನ ಅರೆದರೆ ಸಾಯುತ್ತದೆ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅದನ್ನು ಆಡಿದರೆ ಈಗಷ್ಟೇ ಕೂಗಿ ಹೇಳಿದ್ದು ಸುಳ್ಳಾಗುತ್ತಿತ್ತು. ಮುಷ್ಟಿ ಮುಚ್ಚಿಕೊಂಡು ಹೊರಬಂದೆ. ಮಗಳು ತಲೆ ಎತ್ತಲಿಲ್ಲ.

ಮತ್ತೆರಡು ದಿನ ಅರೆದು ಅದೇ ಕಜ್ಜಲಿಯನ್ನು ಅಂಗಳದ ಬಿಸಿಲಿಗೆ ಹಿಡಿದೆ. ಒಂದು ಚುಕ್ಕೆಯೂ ಹೊಳೆಯಲಿಲ್ಲ. ಮಗಳನ್ನು ಕರೆತಂದು ತೋರಿಸಬಹುದಿತ್ತು, ತೋರಿಸಲಿಲ್ಲ. ಮತ್ತೆ ಅವಳೆದುರು ಅಂಗೈ ಚಾಚುವ ಧೈರ್ಯವಾಗಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಅವಳೇ ಕೇಳಿದಳು, “ಅಪ್ಪಾ, ಯಾವುದು ಬರೀಲಿ, ನಿಂದೋ ಮಾಸ್ತರದೋ?”

“ಮಾಸ್ತರು ಹೇಳಿದ್ದ ಬರಿ.”

ಅವಳು ಪುಸ್ತಕ ಮುಚ್ಚಿದಳು. “ಹಂಗಾರ ಅವತ್ತ ಸಾಲ್ಯಾಗ ನಾ ಸುಳ್ಳ ಹೇಳಿದ್ನೇನು?”

ನಾನು ಎದ್ದು ಬಚ್ಚಲಿನ ಮೋರಿಯ ಹತ್ತಿರ ಹೋಗಿ, ಆಗಲೇ ತೊಳೆದಿದ್ದ ಕೈಗಳನ್ನು ಮತ್ತೆ ತೊಳೆಯತೊಡಗಿದೆ.